ಗ್ವಾಯಕಾಲ್ ಬಾಟಲಿ ಗಟ್ಟಿಯಾದಾಗ

ಡಿಸೆಂಬರ್ ಬಂತೆಂದರೆ, ತಿಂಡಿ-ಪಾನೀಯಗಳಿಗೆ ರುಚಿ, ವಾಸನೆ ಕೂಡಿಸುವ ಫ್ಲೇವರ್ ಕೆಲಸದಲ್ಲಿರುವ ಕಿರಿಯರಿಂದ ನನಗೆ ಒಂದೇ ಥರದ ಫೋನ್ ಬರುತ್ತದೆ. ‘ಸರ್, ಗ್ವಾಯಕಾಲ್ ಕಲ್ಲಾಗಿ ಕೂತಿದೆ, ಕೆಟ್ಟುಹೋಯ್ತಾ?’ ಕೆಟ್ಟಿಲ್ಲ. ಹೊಗೆ ವಾಸನೆಯ ಈ ಪದಾರ್ಥ ಕರಗುವುದೇ ಸುಮಾರು 28 ಡಿಗ್ರಿಯಲ್ಲಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ಎಣ್ಣೆಯಂತೆ ಸುರಿಯುವ ಪದಾರ್ಥ, ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟುತ್ತದೆ. ಕೆಲವೊಮ್ಮೆ ತಣ್ಣಗಿದ್ದರೂ ನೀರಾಗಿಯೇ ಇದ್ದು, ಮುಚ್ಚಳ ತೆಗೆದು ಅಲುಗಾಡಿಸಿದ ತಕ್ಷಣ ಕಣ್ಣೆದುರೇ ಹರಳುಗಟ್ಟುವುದೂ ಉಂಟು.

ಆದರೆ ನಾನು ನೋಡಿದ ಅವಘಡಗಳಲ್ಲಿ ಹೆಚ್ಚಿನವು ಈ ಗಟ್ಟಿ ಬಾಟಲಿಯನ್ನು ಕರಗಿಸಲು ಹೋದಾಗಲೇ ಆದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಗೆ ಸೌದೆ ಒಡ್ಡಿ ಹಂಡೆ ನೀರು ಕಾಯಿಸುತ್ತಾರಲ್ಲ, ಆ ನೀರಿಗೂ ಟವೆಲಿಗೂ ಒಂದು ವಾಸನೆ ಅಂಟಿರುತ್ತದೆ. ಆ ವಾಸನೆಯಲ್ಲಿ ಗ್ವಾಯಕಾಲ್ ಮತ್ತು ಅದರ ನೆಂಟರ ಪಾಲು ದೊಡ್ಡದು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಸುಟ್ಟಾಗ ಒಡೆದು ಇದಾಗುತ್ತದೆ. ಕಾಫಿ ಬೀಜ ಹುರಿಯುವಾಗಲೂ ಹುಟ್ಟುತ್ತದೆ. ಚಿಕ್ಕಮಗಳೂರಿನ ಬೀಜವನ್ನು ಸ್ವಲ್ಪ ಜಾಸ್ತಿ ಹುರಿದಾಗ ಬರುವ ಹೊಗೆ ಘಾಟನ್ನು ನೆನಪಿಸಿಕೊಳ್ಳಿ. 1826ರಲ್ಲಿ ಒಟ್ಟೊ ಉನ್ವರ್ಡೋರ್ಬೆನ್ ಎಂಬ ಜರ್ಮನ್ ರಸಾಯನಜ್ಞ ಗ್ವಾಯಕ್ ಮರದ ಅಂಟಿನಿಂದ ಇದನ್ನು ಬೇರ್ಪಡಿಸಿದ. ಹೆಸರು ಬಂದದ್ದು ಆ ಮರದಿಂದಲೇ. ಈಗ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಇನ್ನೊಂದು ರಾಸಾಯನಿಕವಾದ ಕ್ಯಾಟೆಕಾಲ್‌ನಿಂದ ತಯಾರಿಸುತ್ತಾರೆ. ಐಸ್‌ಕ್ರೀಮಿನ ವೆನಿಲಿನ್, ಅಂದರೆ ವೆನಿಲ್ಲಾ ವಾಸನೆಯ ಪದಾರ್ಥ, ಬಹುಪಾಲು ಇದರಿಂದಲೇ ಆಗುತ್ತದೆ. ಕೆಮ್ಮಿನ ಸಿರಪ್ಪಿನ ಗ್ವಾಯ್‌ಫೆನೆಸಿನ್ ಕೂಡ.

ಇಷ್ಟೆಲ್ಲ ಮನೆಯ ವಾಸನೆ ಇರುವುದೇ ತೊಂದರೆ. ಮೂಗಿಗೆ ಪರಿಚಯದ್ದು ಅನ್ನಿಸಿದ ಕೂಡಲೇ ಕೈ ಸಡಿಲವಾಗುತ್ತದೆ. ತಿಂಡಿಯಲ್ಲಿ ಕೆಲವೇ ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಕೆಲವೇ ಭಾಗ) ಇರುವುದಕ್ಕೂ, ಬಾಟಲಿಯಲ್ಲಿ ಅಪ್ಪಟವಾಗಿ ಇರುವುದಕ್ಕೂ ಅಜಗಜಾಂತರ. ಇದು ಫಿನಾಲ್ ಜಾತಿಯದು. ನುಂಗಿದರೆ ಹಾನಿ, ಚರ್ಮಕ್ಕೆ ಉರಿ, ಕಣ್ಣಿಗೆ ಇನ್ನೂ ಕೆಟ್ಟದ್ದು.

ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಘಟಕದಲ್ಲಿ ಹೊಸದಾಗಿ ಸೇರಿದ್ದ ಹುಡುಗನೊಬ್ಬ, ಮುಚ್ಚಳ ಬಿಗಿಯಾಗಿದ್ದ ಬಾಟಲಿಯನ್ನೇ ಕುದಿಯುವ ನೀರಿನಲ್ಲಿ ಇಟ್ಟ. ಕರಗಿತು. ಮುಚ್ಚಳ ತಿರುಗಿಸಿದಾಗ ಒಳಗಿನ ಒತ್ತಡಕ್ಕೆ ಚಿಮ್ಮಿ ಮಣಿಕಟ್ಟಿಗೆ ಬಿತ್ತು. ಅವನಿಗೆ ಉರಿಯಲಿಲ್ಲ, ಜೋಮು ಹಿಡಿದ ಹಾಗಾಯಿತು. ‘ಏನೂ ಆಗಿಲ್ಲ ಸರ್’ ಅಂದು ಬಟ್ಟೆಯಲ್ಲಿ ಒರೆಸಿಕೊಂಡು ಕೆಲಸಕ್ಕೆ ಕೂತ. ಮರುದಿನ ಆ ಜಾಗ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಈ ಜಾತಿಯ ಪದಾರ್ಥಗಳಿಗೆ ಚರ್ಮ ಮರಗಟ್ಟಿಸುವ ಗುಣ ಇದೆ. ಒಂದು ಕಾಲದಲ್ಲಿ ಗ್ವಾಯಕಾಲನ್ನು ವೈದ್ಯರು ಅರಿವಳಿಕೆಗೂ ಬಳಸಿದ್ದುಂಟು. ನೋವಿಲ್ಲ ಅಂದರೆ ಗಾಯವಿಲ್ಲ ಎಂದಲ್ಲ. ಅವತ್ತು ಅವನ ಕೈ ಹಿಡಿದು ನಲ್ಲಿ ಕೆಳಗೆ ನಾನೇ ಇಟ್ಟಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಹಾಗಾದರೆ ಕರಗಿಸುವುದು ಹೇಗೆ? ಮುಚ್ಚಳವನ್ನು ಒಂದು ಸುತ್ತು ಸಡಿಲ ಮಾಡಿ. ಸುಮಾರು 40 ಡಿಗ್ರಿಯ ನೀರಲ್ಲಿ, ಅಂದರೆ ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರಿನಲ್ಲಿ, ಬಾಟಲಿಯ ಕತ್ತು ಮೇಲಿರುವಂತೆ ನಿಲ್ಲಿಸಿ. ಸ್ಟೌ ಬೇಡ, ಹೀಟ್ ಗನ್ ಬೇಡ. 82 ಡಿಗ್ರಿಯ ಆಸುಪಾಸಿನಲ್ಲಿ ಇದರ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಚಮಚದಲ್ಲಿ ಕುಟ್ಟಿ ಹರಳು ಕೀಳುವುದಂತೂ ಬೇಡವೇ ಬೇಡ, ಚೂರು ನೇರ ಕಣ್ಣಿಗೆ ಹಾರುತ್ತದೆ. ಇನ್ನೊಂದು ಮಾತು. ಅರ್ಧ ಕರಗಿದಾಗ ಮೇಲಿನ ದ್ರವ ಬಗ್ಗಿಸಿಕೊಳ್ಳಬೇಡಿ. ಕಲ್ಮಷ ಏನಿದ್ದರೂ ಮೊದಲು ಕರಗಿದ ಭಾಗದಲ್ಲೇ ಸೇರಿರುತ್ತದೆ. ಪೂರ್ತಿ ಕರಗಲಿ, ಮೆಲ್ಲಗೆ ಕಲಕಿ, ಆಮೇಲೆ ತೂಕ ಮಾಡಿ.

ನಾನು ಬಾಟಲಿ ತಂದ ದಿನವೇ 10 ಶೇಕಡಾ ದ್ರಾವಣ ಮಾಡಿಡುತ್ತೇನೆ. ತಿನ್ನುವ ಫ್ಲೇವರಿಗಾದರೆ ದ್ರಾವಕವಾದ ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ, ಅತ್ತರಿಗಾದರೆ ಡೈಪ್ರೊಪಿಲೀನ್ ಗ್ಲೈಕಾಲ್ (ಡಿಪಿಜಿ) ಎಂಬ ದ್ರಾವಕದಲ್ಲಿ. ಅದರಿಂದ ಮತ್ತೆ 1 ಶೇಕಡಾ. ದಿನನಿತ್ಯದ ಕೆಲಸಕ್ಕೆ ಇಷ್ಟು ಸಾಕು. ಅಪ್ಪಟದ್ದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಹೊರಗೆ ಬರುತ್ತದೆ, ಚಳಿಗಾಲದ ರಗಳೆಯೂ ತಪ್ಪುತ್ತದೆ. ವಾಸನೆ ನೋಡಬೇಕಾದರೆ 1 ಶೇಕಡಾದ್ದರಲ್ಲಿ ಕಾಗದದ ಪಟ್ಟಿ ಅದ್ದಿ ನೋಡಿ. ಬಾಟಲಿಗೇ ಮೂಗಿಟ್ಟರೆ ಬರೀ ಆಸ್ಪತ್ರೆ ವಾಸನೆ. ತೆಳುವಾದಾಗಲೇ ಅದರ ಸಿಹಿ, ಲವಂಗ, ಒಲೆಯ ಹೊಗೆ ಒಂದೊಂದಾಗಿ ಬಿಚ್ಚಿಕೊಳ್ಳುವುದು. ಎಷ್ಟು ಚೆಂದದ ಪದಾರ್ಥ ಅಂತ ಆಗ ಗೊತ್ತಾಗುತ್ತದೆ.

ಮೂಗನ್ನು ಕಾವಲಿಗೆ ಇಟ್ಟುಕೊಳ್ಳಬೇಡಿ. ಹತ್ತು ನಿಮಿಷದಲ್ಲಿ ಅದು ಒಗ್ಗಿಕೊಂಡು ಸುಮ್ಮನಾಗುತ್ತದೆ. ಗಾಳಿಯಲ್ಲಿ ಆವಿ ಇದ್ದೇ ಇರುತ್ತದೆ. ಎಕ್ಸಾಸ್ಟ್ ಹಾಕಿ, ಕನ್ನಡಕ ಹಾಕಿ, ನೈಟ್ರೈಲ್ ಗ್ಲೌಸ್ ಹಾಕಿ. ಗ್ಲೌಸಿನ ಮೇಲೆ ಬಿದ್ದರೆ ಅಲ್ಲಿಯೇ ಕಳಚಿ ಹೊಸದು ಹಾಕಿಕೊಳ್ಳಿ. ಮೈಮೇಲೆ ಬಿದ್ದರೆ ನೋವಿಗೆ ಕಾಯದೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಕಣ್ಣಿಗಾದರೆ ಅಷ್ಟೇ ಹೊತ್ತು ನೀರು ಹಾಯಿಸಿ, ಡಾಕ್ಟರ ಹತ್ತಿರ ಹೋಗಿ. ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.

ಕಂದು ಗಾಜಿನ ಬಾಟಲಿಯಲ್ಲಿ, ಕಂಠಮಟ್ಟ ತುಂಬಿಸಿ, ಕತ್ತಲಲ್ಲಿ ಇಡಿ. ಗಾಳಿ ಬೆಳಕು ತಾಗಿದಷ್ಟೂ ಬಣ್ಣ ಏರುತ್ತದೆ, ಕಬ್ಬಿಣ ತಾಗಿದರಂತೂ ಬೇಗ ಕಪ್ಪಾಗುತ್ತದೆ. ತಂದ ದಿನದ ಬಣ್ಣವನ್ನು ಬಿಳಿ ಕಾಗದದ ಮುಂದೆ ಹಿಡಿದು ಫೋಟೊ ತೆಗೆದಿಡಿ. ಆರು ತಿಂಗಳಿಗೆ ಹೋಲಿಸಿ ನೋಡಿ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದನ್ನು ನಾನು ತಿನ್ನುವುದಕ್ಕೆ ಬಳಸುವುದಿಲ್ಲ. ಹಾಗಂತ ಸಿಂಕಿಗೆ ಸುರಿಯುವುದೂ ಇಲ್ಲ. ಚೆಲ್ಲಿದ್ದನ್ನು ಹೀರಿಕೊಂಡ ಮರಳಿನ ಜೊತೆ ಒಂದೇ ಡಬ್ಬಿಗೆ ಸೇರಿಸಿ, ಚೀಟಿ ಅಂಟಿಸಿ, ರಾಸಾಯನಿಕ ಕಸ ಒಯ್ಯುವವರಿಗೆ ಕೊಡುತ್ತೇನೆ.