ತಡೆಯುವ ನರಕೋಶ ಹಾಕ್ರಪ್ಪ, ಮೀನು ಈಜುತ್ತದೆ

ರಜೆ ಬಂತೆಂದರೆ ಕಾರವಾರದ ಒಂದಿಷ್ಟು ಪಿಯುಸಿ ಮಕ್ಕಳಿಗೆ ನರಮಂಡಲದ ಪಾಠ ಮಾಡುತ್ತೇನೆ. ಬೋರ್ಡು, ಚಾಕ್‌ಪೀಸು ಏನೂ ಇಲ್ಲ, ಬರೀ ಲ್ಯಾಪ್‌ಟಾಪು. ಕ್ರೆಸೆಂಟ್ ಲೂಮ್ ಅಂತ ಒಂದು ಆಟ ಇದೆ. ಮೂಳೆ, ಸ್ನಾಯು ಜೋಡಿಸಿ ನೀರಿನ ಜೀವಿ ಮಾಡಬೇಕು, ನರಕೋಶಗಳನ್ನು ಹೆಣೆದು ಅದಕ್ಕೊಂದು ಮಿದುಳು ಕೊಡಬೇಕು, ಆಮೇಲೆ ನೀರಿಗೆ ಬಿಡಬೇಕು.

ಪ್ರತಿ ಸಲ ಇವರು ಮಾಡುವುದು ಒಂದೇ. ಮೀನು ಮುಂದೆ ಹೋಗಲಿಲ್ಲವಾ? ಇನ್ನೊಂದು ನರಕೋಶ ಹಾಕು. ಆಗಲೂ ಇಲ್ಲವಾ? ಇನ್ನೂ ನಾಲ್ಕು ಹಾಕು. ಎಲ್ಲವೂ ಪ್ರಚೋದಿಸುವ, ಅಂದರೆ ಮುಂದಿನದನ್ನು ಕೆಲಸಕ್ಕೆ ಎಬ್ಬಿಸುವ ಕೋಶಗಳೇ! ಕೊನೆಗೆ ಪರದೆ ತುಂಬಾ ತಂತಿ, ಮೀನು ಮಾತ್ರ ಎರಡೂ ಕಡೆಯ ಸ್ನಾಯು ಬಿಗಿದುಕೊಂಡು ಕೋಲಿನ ಹಾಗೆ ನಿಂತಿರುತ್ತದೆ. ಮಿದುಳು ಅಂದರೆ ಕೋಶಗಳ ಲೆಕ್ಕ ಅಂತ ಯಾರು ಹೇಳಿಕೊಟ್ಟರೋ. ಸಿ. ಎಲೆಗನ್ಸ್ ಎಂಬ ಹುಳಕ್ಕೆ ಇರುವುದು 302 ನರಕೋಶ. ಅಷ್ಟರಲ್ಲೇ ಅದು ತೆವಳುತ್ತದೆ, ಊಟ ಹುಡುಕುತ್ತದೆ, ಮುಟ್ಟಿದರೆ ಹಿಂದೆ ಸರಿಯುತ್ತದೆ.

ಸರಿ, ತಡೆಯುವ ಕೋಶ ಹಾಕ್ರಪ್ಪ ಅಂದರೆ, 'ಅದು ಬ್ರೇಕ್ ಅಲ್ವಾ ಸರ್, ಮೀನು ನಿಂತು ಹೋಗ್ತದೆ' ಅನ್ನುತ್ತಾರೆ. ಈ ಬ್ರೇಕಿನ ಮಾತು ಕೇಳಿ ಕೇಳಿ ಸಾಕಾಗಿದೆ. ಬ್ರೇಕ್ ಹಾಕಿದರೆ ಗಾಡಿ ಪೂರ್ತಿ ನಿಲ್ಲುತ್ತದೆ. ಇಲ್ಲಿ ಹಾಗಲ್ಲ. ನರಕೋಶ ಸುಮ್ನೆ ಇದ್ದಾಗ ಒಳಗಿನ ವೋಲ್ಟೇಜ್ ಸುಮಾರು ಮೈನಸ್ 70 ಮಿಲಿವೋಲ್ಟ್. ಅದು ಮೈನಸ್ 55ರ ಆಸುಪಾಸಿಗೆ ಏರಿದರೆ ಕೋಶ ಮಿಡಿಯುತ್ತದೆ, ಅಂದರೆ ಮುಂದಕ್ಕೆ ಸಂಕೇತ ಕಳಿಸುತ್ತದೆ. ತಡೆಯುವ ಸಂಕೇತ ಬಂದರೆ ಆ ಗಡಿ ಮುಟ್ಟುವುದು ಕಷ್ಟ ಆಗುತ್ತದೆ, ಅಷ್ಟೇ. ಅದೂ ಆ ಒಂದು ಕೋಶಕ್ಕೆ, ಆ ಒಂದು ಗಳಿಗೆಗೆ.

ಈಗ ಎಡಕ್ಕೊಂದು, ಬಲಕ್ಕೊಂದು ಕೋಶ ಇಡಿ. ತಂತಮ್ಮ ಕಡೆಯ ಸ್ನಾಯುವನ್ನು ಎಳೆಯಲಿ, ಆಚೆ ಕಡೆಯ ಕೋಶವನ್ನು ತಡೆಯಲಿ. ಇಬ್ಬರಿಗೂ ಒಂದೇ ಸಮನೆ ಪ್ರಚೋದನೆ ಕೊಡಿ. ಎಡದ್ದು ಮೊದಲು ಮಿಡಿಯಿತು ಅಂದುಕೊಳ್ಳಿ. ಮೈ ಎಡಕ್ಕೆ ಬಾಗುತ್ತದೆ, ಬಲದ್ದು ಬಾಯಿ ಮುಚ್ಚಿಕೊಂಡಿರುತ್ತದೆ. ಆದರೆ ಮಿಡಿದು ಮಿಡಿದು ಎಡದ ಕೋಶ ದಣಿಯುತ್ತದೆ, ಹಿಡಿತ ಸಡಿಲ ಆಗುತ್ತದೆ. ಆಗ ಬಲದ್ದು ಎದ್ದು ಎಡದ್ದನ್ನೇ ಸುಮ್ಮನಾಗಿಸುತ್ತದೆ. ಎಡ, ಬಲ, ಎಡ, ಬಲ. ಲಯ ಹಾಕಿಕೊಡಲು ಬೇರೆ ಯಾರೂ ಇಲ್ಲ, ಎರಡು ಕೋಶ ಒಂದನ್ನೊಂದು ತಡೆಯುವುದರಲ್ಲೇ ಲಯ ಹುಟ್ಟುತ್ತದೆ. ನಡಿಗೆಯ ಲಯ ಬೆನ್ನುಹುರಿಯಲ್ಲೇ ಹುಟ್ಟಬಲ್ಲದು ಅಂತ ಶರೀರವಿಜ್ಞಾನಿ ಗ್ರಹಾಂ ಬ್ರೌನ್ ಬೆಕ್ಕುಗಳಲ್ಲಿ ತೋರಿಸಿದ್ದು 1911ರಲ್ಲಿ, ಅದಕ್ಕೆ ಅವರು ಕೊಟ್ಟ ವಿವರಣೆಯೂ ಹೆಚ್ಚುಕಡಿಮೆ ಇದೇ.

ತಡೆ ಇಲ್ಲದಿದ್ದರೆ ಏನಾಗುತ್ತದೆ ಅಂತ ನೋಡಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಕಾಸರಕದ ಮರ ಇಲ್ಲಿನ ಕಾಡಲ್ಲಿ ಬೇಕಾದಷ್ಟಿದೆ. ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ. ಬೆನ್ನುಹುರಿಯಲ್ಲಿ ತಡೆಯುವ ಕೋಶಗಳು ತಡೆಯ ಸಂಕೇತವಾಗಿ ಗ್ಲೈಸಿನ್ ಎಂಬ ರಾಸಾಯನಿಕ ಬಿಡುತ್ತವೆ, ಈ ವಿಷ ಮುಂದಿನ ಕೋಶದಲ್ಲಿ ಅದು ಕೂರುವ ಜಾಗವನ್ನೇ ಮುಚ್ಚಿಬಿಡುತ್ತದೆ. ಧನುರ್ವಾಯುವಿನ ನಂಜು ಇನ್ನೊಂದು ತುದಿಯಲ್ಲಿ ಕೆಲಸ ಮಾಡುತ್ತದೆ, ಗ್ಲೈಸಿನ್ ಹೊರಗೇ ಬರದ ಹಾಗೆ. ಫಲ ಎರಡಕ್ಕೂ ಒಂದೇ. ದವಡೆ ಬಿಗಿಯುತ್ತದೆ, ಬೆನ್ನು ಬಿಲ್ಲಾಗುತ್ತದೆ, ಒಂದು ಸಣ್ಣ ಸದ್ದಿಗೆ ಇಡೀ ಮೈ ಸೆಟೆಯುತ್ತದೆ. ಒಮ್ಮೆ ಕಂಡವರು ಮರೆಯುವುದಿಲ್ಲ. ಪರದೆಯ ಮೇಲೆ ಕೋಲಾಗಿ ನಿಂತ ಮೀನಿಗೂ ಆಗಿದ್ದು ಅದೇ ಅಂದಾಗ ಮಕ್ಕಳು ತೆಪ್ಪಗಾಗುತ್ತಾರೆ. (ಬೀಜ ತಂದು ತೋರಿಸಿ ಅನ್ನುವವರೂ ಇದ್ದಾರೆ. ತರುವುದಿಲ್ಲ.)

ಆಟ ಆಟವೇ, ಇದನ್ನೂ ಹೇಳಿಬಿಡಬೇಕು. ಮನುಷ್ಯನ ಮಿದುಳಲ್ಲಿ ಸುಮಾರು 8,600 ಕೋಟಿ ನರಕೋಶ ಇವೆ, ಆಟದಲ್ಲಿ ಹತ್ತಿಪ್ಪತ್ತು ಹೆಣೆದು ಅದು ಅರ್ಥವಾಯಿತು ಅನ್ನಬೇಡಿ. ಮೂರ್ಛೆರೋಗದ ಕೆಲವು ಮಾತ್ರೆ ತಡೆಯುವ ಸಂಕೇತವನ್ನು ಜಾಸ್ತಿ ಮಾಡುತ್ತವೆ, ಎಲ್ಲವೂ ಅಲ್ಲ. ಮಗನ ಪಾಠ ಕೇಳಿಸಿಕೊಂಡು ಮನೆಯವರ ಮಾತ್ರೆ ಹೆಚ್ಚು ಕಡಿಮೆ ಮಾಡುವ ಸಾಹಸ ಬೇಡ, ನಿಮ್ಮ ಡಾಕ್ಟರನ್ನೇ ಕೇಳಿ.

'ಡಾಕ್ಟ್ರೇ, ಇದು ನೀಟ್‌ಗೆ ಬರ್ತದಾ?' ಅನ್ನುತ್ತಾರೆ ಅಪ್ಪಂದಿರು. ಬರುತ್ತದೆ ಮಾರಾಯ್ರೆ. ಮೊದಲ ಪಿಯುಸಿ ಪುಸ್ತಕದಲ್ಲೇ ಇದೆ, ಸಂಕೇತ ಮುಟ್ಟಿದ ಕೋಶದಲ್ಲಿ ಏಳುವ ಹೊಸ ವಿಭವ (ವೋಲ್ಟೇಜ್) ಪ್ರಚೋದಿಸಲೂಬಹುದು, ತಡೆಯಲೂಬಹುದು ಅಂತ. ಅಷ್ಟು ಹೇಳಿ ಪುಸ್ತಕ ಮುಂದೆ ಹೋಗುತ್ತದೆ, ಮಕ್ಕಳೂ ಹೋಗುತ್ತಾರೆ.

ಬೈತಖೋಲದ ಒಬ್ಬ ಹುಡುಗ ಮಾತ್ರ ಮುಂದೆ ಹೋಗಲಿಲ್ಲ. ಅವನ ಮೀನು ಎಡಬಲ ಬಾಗುತ್ತಿತ್ತು, ಇದ್ದಲ್ಲೇ ಒದ್ದಾಡುತ್ತಿತ್ತು. 'ಬಂಗಡೆ ಹೀಂಗೆ ಹೋಗುದಿಲ್ಲ ಸರ್, ಬಾಗುದು ಮುಂದಿಂದ ಹಿಂದೆ ಹೋಗ್ತದೆ' ಅಂದ. ಬಂದರಿನಲ್ಲಿ ಬೆಳೆದ ಕಣ್ಣು ಅದು. ಈಗ ಅಂಥದ್ದೇ ಜೋಡಿಗಳನ್ನು ತಲೆಯಿಂದ ಬಾಲದವರೆಗೆ ಸಾಲಾಗಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಸಂಕೇತ ಚೂರು ತಡವಾಗಿ ಮುಟ್ಟುವ ಹಾಗೆ ಹೆಣೆಯುತ್ತಿದ್ದಾನೆ. ಮೂರನೇ ಜೋಡಿ ಇನ್ನೂ ಹಟ ಮಾಡುತ್ತಿದೆ.