ಸಿಟ್ರೇಟ್ ಲೋಹವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ? ಉತ್ತರ ಯಾಕೆ ಒಂದೇ ಇಲ್ಲ?

ನೀರಿನಲ್ಲಿ ಕಬ್ಬಿಣ ಮತ್ತು ಸಿಟ್ರೇಟ್ (ನಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲ ಪ್ರೋಟಾನ್ ಬಿಟ್ಟುಕೊಟ್ಟ ಮೇಲೆ ಉಳಿಯುವ ರೂಪ) ಹೇಗೆ ಸೇರುತ್ತವೆ ಅಂತ ಹುಡುಕಿದರೆ ತಲೆ ಕೆಡುತ್ತದೆ. ಒಂದು ಕಬ್ಬಿಣಕ್ಕೆ ಒಂದು ಸಿಟ್ರೇಟ್ ಅನ್ನುತ್ತದೆ ಒಂದು ಪುಸ್ತಕ. ಇನ್ನೊಂದು ಎರಡು ಅನ್ನುತ್ತದೆ, ಮತ್ತೊಂದು ಮೂರಕ್ಕೆ ಮೂರು. ಎಲ್ಲವೂ ಅಳೆದು ನೋಡಿದ ಮಾತೇ. ಆದರೆ ಅಳೆದ ನೀರು ಬೇರೆ ಬೇರೆ.

1784ರಲ್ಲಿ ಕಾರ್ಲ್ ಶೀಲೆ ನಿಂಬೆ ರಸದಿಂದ ಸಿಟ್ರಿಕ್ ಆಮ್ಲ ತೆಗೆದಿದ್ದೇ ಲೋಹದ ಜೊತೆಗಿನ ಈ ನಂಟಿನ ಸಹಾಯದಿಂದ: ಕ್ಯಾಲ್ಸಿಯಂ ಜೊತೆ ತಳಕ್ಕೆ ಕೂರಿಸಿ, ಆಮೇಲೆ ಗಂಧಕಾಮ್ಲ ಹಾಕಿ ಬಿಡಿಸಿಕೊಂಡರು. 1893ರಲ್ಲಿ ಆಲ್ಫ್ರೆಡ್ ವರ್ನರ್ ಲೋಹದ ಸುತ್ತ ಬೇರೆ ಅಣುಗಳು ಹೇಗೆ ಕೂರುತ್ತವೆ ಅಂತ ವಿವರಿಸಿದರು. 1915ರಲ್ಲಿ ರಿಚರ್ಡ್ ಲೂಯಿಸನ್ ರೋಗಿಗೆ ಕೊಡುವ ರಕ್ತಕ್ಕೆ ಶೇ. 0.2ರಷ್ಟು ಸಿಟ್ರೇಟ್ ಸಾಕು, ರಕ್ತ ಹೆಪ್ಪುಗಟ್ಟುವುದಿಲ್ಲ, ರೋಗಿಗೂ ಅಪಾಯವಿಲ್ಲ ಎಂದು ತೋರಿಸಿದರು. ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಸಿಟ್ರೇಟ್ ಕೈಯಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ.

ಹಿಡಿತ ಎಷ್ಟು ಅಂತ ಅಳೆಯಲು ಹೊರಟಾಗ ಕಷ್ಟ ಶುರುವಾಯಿತು. 1934ರಲ್ಲಿ ಹೇಸ್ಟಿಂಗ್ಸ್ ಮತ್ತು ಜೊತೆಗಾರರು ಬಿಡಿ ಕ್ಯಾಲ್ಸಿಯಂ ಅಳೆಯಲು ಕಪ್ಪೆಯ ಹೃದಯವನ್ನೇ ಬಳಸಿದರು. ಬಿಡಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಅದರ ಮಿಡಿತದ ಬಲ ಇಳಿಯುತ್ತದೆ, ಸಿಟ್ರೇಟ್ ಹಿಡಿದಿಟ್ಟ ಕ್ಯಾಲ್ಸಿಯಂ ಅದಕ್ಕೆ ಲೆಕ್ಕಕ್ಕಿಲ್ಲ. ಎಂಥ ಚಂದದ ಉಪಾಯ ಅಲ್ವಾ!

ಸಿಟ್ರಿಕ್ ಆಮ್ಲದಲ್ಲಿ ಮೂರು ಕಾರ್ಬಾಕ್ಸಿಲ್ ಗುಂಪು, ಒಂದು ಹೈಡ್ರಾಕ್ಸಿಲ್ ಗುಂಪು ಇವೆ. ಪಿಎಚ್ (ಹುಳಿಯ ಅಳತೆ, ಸಂಖ್ಯೆ ಏರಿದಷ್ಟೂ ಹುಳಿ ಕಡಿಮೆ) ಸುಮಾರು 3.1, 4.8, 6.4 ದಾಟುತ್ತಾ ಹೋದಂತೆ ಮೂರು ಪ್ರೋಟಾನ್‌ಗಳು ಒಂದೊಂದಾಗಿ ಬಿಟ್ಟುಹೋಗುತ್ತವೆ. ಹುಳಿ ಜಾಸ್ತಿ ಇದ್ದರೆ ಲೋಹ ಕೂರಬೇಕಾದ ಜಾಗದಲ್ಲಿ ಪ್ರೋಟಾನ್ ಕೂತಿರುತ್ತದೆ. ನೀರಿನಲ್ಲಿ ಬೇರೆ ಉಪ್ಪು ಇದ್ದರೂ ಹಿಡಿತ ಸಡಿಲವಾಗುತ್ತದೆ: ಉಪ್ಪೇ ಇಲ್ಲದ ನೀರಿಗೂ ಸಾಧಾರಣ ಉಪ್ಪಿರುವ ನೀರಿಗೂ ಕ್ಯಾಲ್ಸಿಯಂ ಸಿಟ್ರೇಟ್‌ನ ಸ್ಥಿರಾಂಕದಲ್ಲಿ, ಅಂದರೆ ಹಿಡಿತ ಎಷ್ಟು ಬಿಗಿ ಅಂತ ಹೇಳುವ ಸಂಖ್ಯೆಯಲ್ಲಿ, ಹತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಆಮೇಲೆ ಬಂದ ದೊಡ್ಡ ಕೋಷ್ಟಕಗಳಲ್ಲಿ ಈ ವಿವರವೆಲ್ಲ ಇತ್ತು. ಅಲ್ಲಿಂದ ಪಠ್ಯಕ್ಕೆ, ಪಠ್ಯದಿಂದ ಇನ್ನೊಂದು ಪಠ್ಯಕ್ಕೆ ಇಳಿಯುವಾಗ ಸಂಖ್ಯೆ ಮಾತ್ರ ಉಳಿಯಿತು, ಪಿಎಚ್, ಉಪ್ಪು, ತಾಪಮಾನ ಎಲ್ಲ ದಾರಿಯಲ್ಲೇ ಉದುರಿಹೋದವು. ಗೊಂದಲದ ಬಹುಪಾಲು ಹುಟ್ಟಿದ್ದು ಇಲ್ಲಿ.

ಕಬ್ಬಿಣದ ಕಥೆ ಇನ್ನೂ ಸಿಕ್ಕು. ಫೆರಿಕ್ ಕಬ್ಬಿಣದ (ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ) ಮೇಲಿನ ಹಿಡಿತ ಕ್ಯಾಲ್ಸಿಯಂ ಮೇಲಿನದಕ್ಕಿಂತ ಸುಮಾರು ಹತ್ತು ಕೋಟಿ ಪಟ್ಟು ಬಿಗಿ. ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಕ್ಷಾರ ಹನಿಸಿ ನೋಡಿ, ತುಕ್ಕಿನ ಬಣ್ಣದ ರಾಡಿ ಕಟ್ಟುತ್ತದೆ. ಮೊದಲೇ ಬೇಕಾದಷ್ಟು ಸಿಟ್ರೇಟ್ ಹಾಕಿದ್ದರೆ ದ್ರಾವಣ ತಿಳಿಯಾಗಿಯೇ ಇರುತ್ತದೆ. ಆದರೆ ತಿಳಿಯಾಗಿದೆ ಅಂದ ಮಾತ್ರಕ್ಕೆ ಒಳಗಿರುವುದು ಒಂದೇ ಬಗೆಯ ಅಣು ಅಂತ ಹೇಳಲಾಗದು. 1967ರಲ್ಲಿ ಸ್ಪೈರೋ, ಸಾಲ್ಟ್‌ಮನ್ ಮತ್ತು ಜೊತೆಗಾರರು ಇದನ್ನೇ ತೋರಿಸಿದರು: ಸಿಟ್ರೇಟ್ ಮತ್ತು ಕಬ್ಬಿಣ ಸಮಸಮ ಇದ್ದರೆ ಕಬ್ಬಿಣ ನೀರಿನ ಜೊತೆ ಸೇರಿ ದೊಡ್ಡ ದೊಡ್ಡ ಪಾಲಿಮರ್ ಗುಂಡುಗಳಾಗುತ್ತದೆ, ಸಿಟ್ರೇಟ್ ತುಂಬಾ ಜಾಸ್ತಿ ಇದ್ದರೆ ಒಂದು ಕಬ್ಬಿಣಕ್ಕೆ ಎರಡು ಸಿಟ್ರೇಟ್ ಇರುವ ಸಣ್ಣ ಜೋಡಣೆ ಗೆಲ್ಲುತ್ತದೆ. ಮುಂದಿನ ದಶಕಗಳಲ್ಲಿ ಬಗೆಬಗೆಯ ಹರಳು ಬೆಳೆಸಿದರು, ಒಂದೊಂದರ ರಚನೆಯೂ ಬೇರೆ. ಆದರೆ ಹರಳಾಗಿ ಹೊರಬಂದಿದ್ದೇ ನೀರಿನಲ್ಲೂ ಜಾಸ್ತಿ ಇತ್ತು ಎಂದು ಸುಮ್ನೆ ನಂಬಲಾಗದು. ಆ ಎಚ್ಚರಿಕೆಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಗಿಡಗಳ ಬೇರಿನಿಂದ ಮೇಲಕ್ಕೆ ಹೋಗುವ ರಸದಲ್ಲಿ ಕಬ್ಬಿಣವನ್ನು ಸಿಟ್ರೇಟ್ ಹೊತ್ತೊಯ್ಯುತ್ತದೆ ಎಂದು 1966ರಲ್ಲೇ ಟಿಫಿನ್ ಎಂಬ ವಿಜ್ಞಾನಿ ಹೇಳಿದ್ದರು. ಯಾವ ರೂಪದಲ್ಲಿ ಎಂಬುದು ನೇರವಾಗಿ ಕಂಡಿದ್ದು 2010ರಲ್ಲಿ, ಟೊಮೆಟೊ ಗಿಡದ ರಸದಲ್ಲಿ: ಮೂರು ಕಬ್ಬಿಣ, ಮೂರು ಸಿಟ್ರೇಟ್. ಪ್ರಯೋಗಾಲಯದಲ್ಲಿ ಬೆರೆಸಿದ ದ್ರಾವಣದಲ್ಲಿ ಎರಡಕ್ಕೆ ಎರಡರ ರೂಪವೂ ಸಿಕ್ಕಿತು, ಯಾವುದು ಎಷ್ಟು ಎಂಬುದು ಕಬ್ಬಿಣಕ್ಕೂ ಸಿಟ್ರೇಟ್‌ಗೂ ಇರುವ ಪ್ರಮಾಣದ ಮೇಲೆ ನಿಂತಿತ್ತು.