ಪದ ಪರಿಚಯ: ಲೊಕೇಶನ್ ಗೇಮ್

ನೀವು ಎಲ್ಲಿದ್ದೀರಿ ಅನ್ನೋದೇ ಆಟದ ನಡೆ ಆದರೆ, ಅದು ಲೊಕೇಶನ್ ಗೇಮ್. ಪಗಡೆಯಲ್ಲಿ ಕಾಯಿ ನಡೆಸುತ್ತೇವೆ ಅಲ್ವಾ? ಇಲ್ಲಿ ಆ ಕಾಯಿ ನೀವೇ. 'ಸ್ಥಳಾಧಾರಿತ ಆಟ' ಅಂತಲೂ ಬರೆಯಬಹುದು. ನನಗೆ 'ಜಾಗದಾಟ' ಹೆಚ್ಚು ಹಿಡಿಸುತ್ತದೆ, ಬಾಯಿಗೆ ಸುಲಭ.

2016ರ ಪೋಕೆಮಾನ್ ಗೋ ಎಂಬ ಮೊಬೈಲ್ ಆಟ ಇಂಥದ್ದೇ. ಆದರೆ ಅದಕ್ಕಾಗಿ ಜನ ಬೇಕಂತಲೇ ಹೊರಗೆ ಹೋಗಿ ಅಲೆದರು. ಹೇಗೂ ದಿನಾ ಮಾಡುವ ಬಸ್ಸು, ರೈಲಿನ ಓಡಾಟವನ್ನೇ ಆಟ ಮಾಡಿದರೆ? ನನಗೆ ತುಂಬಾ ಇಷ್ಟವಾದ ಬಗೆ ಇದು.

2010ರಲ್ಲಿ ಲಂಡನ್ನಿನಲ್ಲಿ ಮಡ್‌ಲಾರ್ಕ್ ಅನ್ನುವ ಸಂಸ್ಥೆ ಕ್ರೋಮಾರೋಮಾ ಎಂಬ ಆಟ ತಂದಿತು. ಅಲ್ಲಿನ ಮೆಟ್ರೋ ರೈಲು ಓಡುವ ಸುರಂಗದಲ್ಲಿ ಜಿಪಿಎಸ್ ಸಿಗ್ನಲ್ ಸಿಗುವುದಿಲ್ಲ. ಹಾಗಾದರೆ ನೀವೆಲ್ಲಿದ್ದೀರಿ ಅಂತ ಆಟಕ್ಕೆ ಗೊತ್ತಾಗುವುದು ಹೇಗೆ? ಟಿಕೆಟ್ ಕಾರ್ಡಿನಿಂದ! ಅಲ್ಲಿನ ಆಯ್‌ಸ್ಟರ್ ಕಾರ್ಡನ್ನು ಗೇಟಿನ ಹಳದಿ ಬಿಲ್ಲೆಗೆ ತಾಗಿಸಿದರೆ ಬಾಗಿಲು ತೆರೆಯುತ್ತದೆ. ಜೊತೆಗೇ ಒಂದು ಸಾಲು ದಾಖಲಾಗುತ್ತದೆ: ಯಾವ ಸ್ಟೇಷನ್, ಎಷ್ಟು ಗಂಟೆ. ಇಳಿದು ಹೊರಗೆ ಬರುವಾಗ ಇನ್ನೊಂದು ಸಾಲು. ಆಟಕ್ಕೆ ಬೇಕಾದದ್ದು ಇಷ್ಟೇ. ಓಡಾಡಿದ್ದಕ್ಕೆ ಪಾಯಿಂಟ್ ಸಿಗುತ್ತಿತ್ತು, ತಂಡಗಳು ಸ್ಟೇಷನ್‌ಗಳನ್ನು ವಶಪಡಿಸಿಕೊಳ್ಳುತ್ತಿದ್ದವು. ಇಂಥ ಆಟದಲ್ಲಿ ಸುಮ್ನೆ ಒಂದು ಸ್ಟೇಷನ್ ಮೊದಲೇ ಇಳಿದು ನಡೆದರೂ ಲೆಕ್ಕ ಬದಲಾಗುತ್ತದೆ. ದಿನಾ ಕಣ್ಣುಮುಚ್ಚಿ ಹೋಗುವ ದಾರಿಯಲ್ಲಿ ಆಯ್ಕೆಗಳಿವೆ ಅಂತ ಕಾಣಿಸುವುದು ಆಗಲೇ.

ಲಂಡನ್ ಬಸ್ಸಿನಲ್ಲಿ ಮಾತ್ರ ಹತ್ತುವಾಗ ಒಮ್ಮೆ ಕಾರ್ಡ್ ತಾಗಿಸಿದರೆ ಮುಗಿಯಿತು. ಎಲ್ಲಿ ಇಳಿದಿರಿ ಅನ್ನೋದು ಆ ಕಾರ್ಡಿನಲ್ಲಿ ಇರುವುದಿಲ್ಲ. ಟಿಕೆಟ್ ವ್ಯವಸ್ಥೆಗೆ ಕಂಡಷ್ಟೇ ಆಟಕ್ಕೂ ಕಾಣುವುದು.

ಅದಕ್ಕೆ ಕಾಣುವುದೂ ಕಡಿಮೆಯೇನಲ್ಲ. ಬೆಳಗಿನ ಮೊದಲ ಸಾಲು ನಿಮ್ಮ ಮನೆ ಎಲ್ಲಿದೆ ಅನ್ನೋದರ ಸುಳಿವು ಕೊಡುತ್ತದೆ, ಎರಡನೆಯದು ಆಫೀಸಿನದ್ದು. ಹಾಗಾಗಿ ಒಪ್ಪಿಗೆ ಕೇಳದೆ ಇಂಥ ಆಟ ಆಡಿಸಲೇಬಾರದು. ಬೇಡವಾದ ಪ್ರಯಾಣವನ್ನು ಅಳಿಸುವ ಅವಕಾಶವೂ ಆಡುವವರ ಕೈಯಲ್ಲೇ ಇರಬೇಕು.

ಜಪಾನಿನಲ್ಲಿ 2014ರಲ್ಲಿ ಬಂದ ಎಕಿಮೆಮೊ ಎಂಬ ಆಟ ಟಿಕೆಟ್ ಕಾರ್ಡಿನ ಗೊಡವೆಗೆ ಹೋಗುವುದಿಲ್ಲ. ಫೋನಿನ ಜಿಪಿಎಸ್ ನೋಡಿ, ಹತ್ತಿರದ ಸ್ಟೇಷನ್ನನ್ನು ನಿಮ್ಮ ಹೆಸರಿಗೆ ಬರೆದುಕೊಳ್ಳುತ್ತದೆ. ಅಲ್ಲಿನ ಸ್ಟೇಷನ್‌ಗಳು 9,000ಕ್ಕೂ ಜಾಸ್ತಿ. ರೈಲು ನಿಲ್ಲದೆ ದಾಟಿಹೋಗುವ ಸಣ್ಣ ಸ್ಟೇಷನ್ನೂ ಸಿಗುತ್ತದೆ. ಕಿಟಕಿಯಾಚೆ ಹೆಸರಿನ ಬೋರ್ಡು ಸರ್ರನೆ ಹಾದುಹೋಗುವ ಹೊತ್ತಿಗೆ ಬಟನ್ ಒತ್ತಿರಬೇಕು, ಅಷ್ಟೇ.